ಔಷಧಿ ಅಂಗಡಿಯವರಿಗೊಂದು ಬಹಿರಂಗ ಪತ್ರ

ನಂಜನಗೂಡು, ತಿ. ನರಸೀಪುರದ ಔಷಧಿ ಅಂಗಡಿಯವರೇ,

ನಮ್ಮದು ಔಷಧಕ್ಕೆ ಹೆಸರಾದ ಸೀಮೆ. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ನಮ್ಮ ದೇವರನ್ನು ‘ಹಕೀಮ್ ನಂಜುಂಡ’ ಎಂದನೆಂಬ ಪ್ರತೀತಿಯಿದೆ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದದ್ದು ನಂಜನಗೂಡಿನಲ್ಲೇ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುವ ಔಷಧದ ಮೂಲವಸ್ತು ಹೊರದೇಶಕ್ಕೂ ಹೋಗುತ್ತದೆ. ಇಂಥ ಊರಿನ ಜನ ತಾವು ನುಂಗುತ್ತಿರುವುದು ಏನೆಂದು ತಿಳಿಯದೆ ಮನೆಗೆ ಹೋಗುತ್ತಿದ್ದಾರೆ.

ಹತ್ತು ಮಾತ್ರೆಯ ಶೀಟಿನಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತೀರಿ. ಕೂಲಿಯ ದುಡ್ಡಲ್ಲಿ ಕೊಳ್ಳುವವರಿಗೆ ಅಷ್ಟೇ ಸಾಧ್ಯ. ತಕರಾರು ಅದರ ಮೇಲಲ್ಲ. ಆದರೆ ಅವಧಿ ಮುಗಿಯುವ ದಿನಾಂಕ ಇರುವ ತುದಿ ನಿಮ್ಮ ಡ್ರಾಯರಿನಲ್ಲಿ ಉಳಿಯುತ್ತದೆ. ಮನೆಗೆ ಬರುವುದು ಹೆಸರಿನ ಅರ್ಧ ಅಕ್ಷರಗಳಷ್ಟೇ ಇರುವ ತುಂಡು, ಕವರಿನ ಮೇಲೆ ಪೆನ್ನಿನಲ್ಲಿ ಗೀಚಿದ 1-0-1. ಬಸ್ಸಿನ ಅವಸರದಲ್ಲಿರುವ ಅಜ್ಜಿಗೆ ಅದರಿಂದ ಏನು ತಿಳಿಯಬೇಕು?

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬಿ.ಪಿ.ಗೆ ಊರಿನ ಡಾಕ್ಟರು ಒಂದು ಹೆಸರಿನ ಮಾತ್ರೆ ಬರೆದಿರುತ್ತಾರೆ, ಮೈಸೂರಿನವರು ಇನ್ನೊಂದು. ಕಂಪನಿ ಬೇರೆ, ಒಳಗಿರುವುದು ಅದೇ ಆಮ್ಲೋಡಿಪಿನ್. ಎರಡನ್ನೂ ನುಂಗಿದವರಿಗೆ ಬಿ.ಪಿ. ತೀರಾ ಇಳಿದು ತಲೆ ಸುತ್ತುತ್ತದೆ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಮನೆಯವರು ವಯಸ್ಸನ್ನು ದೂರುತ್ತಾರೆ, ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆ ಎರಡೂ ಚೀಟಿ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗವಿದ್ದರೆ ಅದು ನಿಮ್ಮ ಕೌಂಟರೇ.

ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನ ಫಾರ್ಮಸಿ ಕಾಲೇಜಿನಲ್ಲಿ ಇದನ್ನೇ ಕಲಿಸುತ್ತದೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಸರ್ಟಿಫಿಕೇಟು ಗೋಡೆಯ ಮೇಲಿರುತ್ತದೆ, ಅದರಲ್ಲಿ ಹೆಸರಿರುವವರು ಇರುವುದಿಲ್ಲ. ಇದು ಅನ್ಯಾಯ.

ಕವರಿನ ಮೇಲೆ ಕನ್ನಡದಲ್ಲಿ ಬರೆಯಿರಿ: ಮಾತ್ರೆಯ ಹೆಸರು, ಯಾವ ಕಾಯಿಲೆಗೆ, ಊಟಕ್ಕೆ ಮುಂಚೆಯೋ ಆಮೇಲೋ, ಯಾವ ತಿಂಗಳವರೆಗೆ ಬಳಸಬಹುದು. ಓದು ಬಾರದವರಿಗೆ ಸೂರ್ಯ, ಚಂದ್ರ ಬಿಡಿಸಿ ಕೊಡಿ. “ಈಗ ಬೇರೆ ಏನೇನು ಮಾತ್ರೆ ತಗೋತಿದ್ದೀರಮ್ಮಾ?” ಎಂದು ಕೇಳಿ. ಫ್ರಿಜ್ ಇದ್ದವರಿಗೆ ಇನ್ಸುಲಿನ್ ಕೊಡುವಾಗ ಫ್ರೀಜರಿನಲ್ಲಿ ಇಡಬೇಡಿ ಎನ್ನಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಮಾತ್ರೆ ತಿಂದು ಮೈ ಕೆರೆತ, ಊತ ಬಂದರೆ ಮೊದಲು ಡಾಕ್ಟರ ಬಳಿ ಕಳಿಸಿ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಬಹುದೆಂದೂ ಹೇಳಿ. ಅದು ಔಷಧಗಳ ಅಡ್ಡಪರಿಣಾಮ ದಾಖಲಿಸಿಕೊಳ್ಳುವ ಸರ್ಕಾರದ ಉಚಿತ ಸಹಾಯವಾಣಿ. ಆ ನಂಬರನ್ನು ಜನರಿಗೆ ಕಾಣುವಂತೆ ನಿಮ್ಮ ಕೌಂಟರಿನ ಗಾಜಿಗೆ ಅಂಟಿಸಿ.

ಇಂತಿ,
ನಿಮ್ಮ ಗಿರಾಕಿ