ಈಸಿಯು ಭಾವ

ಪ್ರತಿ ಮನೆತನಕ್ಕೂ ಇಂಥ ಭಾವ ಒಬ್ಬರಿರುತ್ತಾರೆ. ಕಾರಿನ ಕಂಪನಿ ಮಾಡಿ ಕೊಟ್ಟದ್ದೆಲ್ಲ ಅವರ ಪಾಲಿಗೆ ಬರೀ ಕರಡು ಪ್ರತಿ. ಸೋಮವಾರದಿಂದ ಶುಕ್ರವಾರದವರೆಗೆ ಸಾಫ್ಟ್‌ವೇರು, ಶನಿವಾರ ಬೆಳಗಾದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಮುಂಡ ಡ್ಯಾಶ್‌ಬೋರ್ಡಿನಡಿ, ಕಾಲು ಬಾಗಿಲಾಚೆ. ನಮ್ಮ ಭಾವನ ಮನೆಗೆ ಹೊಸಬರು ಬಂದರೆ ವಾಚ್‌ಮನ್ ದಾರಿ ಹೇಳುವುದೂ ಹಾಗೇ: ‘ಅಲ್ಲಿ ಎರಡು ಕಾಲು ಕಾಣ್ತಾವಲ್ಲ ಸಾರ್, ಅದರ ಎಡಕ್ಕೆ ಲಿಫ್ಟು.’

ಕಾರು 2001ರ ಹೋಂಡಾ ಸಿಟಿ ವಿಟೆಕ್. 106 ಅಶ್ವಶಕ್ತಿಯ, ಕೊಂಡ ದಿನದಿಂದ ಯಾರಿಗೂ ಏನೂ ಕೇಡು ಮಾಡದ ಸಾಧುಪ್ರಾಣಿ. ಅದರ ಇಂಜಿನ್ನಿಗೆ ಪೆಟ್ರೋಲ್ ಲೆಕ್ಕ ಹಾಕಿ ಬಡಿಸುವ ಕಂಪ್ಯೂಟರನ್ನು, ಅಂದರೆ ಈಸಿಯುವನ್ನು, ಕಿತ್ತು ಆ ಜಾಗಕ್ಕೆ ಭಾವ ಮೆಗಾಸ್ಕ್ವಿರ್ಟ್ ಎಂಬ ಇನ್ನೊಂದು ಈಸಿಯು ಹಾಕಿದ್ದಾರೆ. ಅವರು ತರಿಸಿದ್ದು ಬಿಡಿಬಿಡಿಯಾಗಿ ಬರುವ ಕಿಟ್ಟು. ಬೆಸುಗೆ ಹಾಕಿ ನಾವೇ ಜೋಡಿಸಿಕೊಳ್ಳಬೇಕು. ಅದನ್ನು ರೂಪಿಸಿದ ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೊ ಎಂಬ ಅಮೆರಿಕನ್ನರ ಹೆಸರನ್ನು ಭಾವ ಪ್ರವರ ಹೇಳುವ ಧಾಟಿಯಲ್ಲಿ ಹೇಳುತ್ತಾರೆ. ಬೆಸುಗೆ ನಡೆದದ್ದು ಊಟದ ಮೇಜಿನ ಮೇಲೆ. ಆ ತಿಂಗಳು ಅಕ್ಕನ ಹುಳಿಗೆ ರಾಳದ ಒಗ್ಗರಣೆಯಿತ್ತು.

‘ಇದೆಲ್ಲ ಕಾನೂನಿಗೆ ಸರಿಯಾ?’ ಎಂದು ಕೇಳಿದಿರೋ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ ವಾದ ಶುರು. ‘ಆರ್‌ಸಿಯಲ್ಲಿ ಇಂಜಿನ್ ನಂಬರಿದೆ, ಚಾಸಿ ನಂಬರಿದೆ, ಬಣ್ಣವೂ ಇದೆ. ಕಂಪ್ಯೂಟರಿನ ಸುದ್ದಿ ಎಲ್ಲಿದೆ ತೋರಿಸಿ?’ ಹೊಗೆ ತಪಾಸಣೆಯ ದಿನ ಮಾತ್ರ ಹಳೆಯ ಪೆಟ್ಟಿಗೆಗೆ ಒಂದು ಹೊತ್ತಿನ ಮಟ್ಟಿಗೆ ಅಧಿಕಾರ ವಾಪಸು.

ಆದರೆ ಭಾವನ ನಿಜವಾದ ವಿದ್ವತ್ತು ಕಾಣಬೇಕಾದರೆ ಪೆಟ್ಟಿಗೆಯನ್ನು ಎಲ್ಲಿ, ಹೇಗೆ ಕೂರಿಸಬೇಕು ಎಂದು ಕೇಳಬೇಕು. ಬಾನೆಟ್ಟಿನೊಳಗೆ ಕೂಡದು: ಕಾವು, ನೀರು, ಎಣ್ಣೆ. ಡಬಲ್ ಸೈಡ್ ಟೇಪು ಅಂದರೆ ಅವರಿಗೆ ಮೈ ಉರಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಲಿಸಿದರೆ ಅಂಟು ಬೆವರಿ ಪೆಟ್ಟಿಗೆ ಜಾರುತ್ತದೆ. ಕೇಬಲ್ ಟೈ ಕಟ್ಟುವವರ ಜೊತೆ ಅವರು ಮಾತೇ ಬಿಟ್ಟಿದ್ದಾರೆ. ‘6000 ಆರ್‌ಪಿಎಮ್ಮಿನಲ್ಲಿ ಇಂಜಿನ್ನು ಸೆಕೆಂಡಿಗೆ 100 ಸುತ್ತು ಸುತ್ತುತ್ತೆ. ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 50 ಸಲ ಪೆಟ್ರೋಲ್ ಬಡಿಸಬೇಕು. ಅಷ್ಟರಲ್ಲಿ ಒಂದು ಪಿನ್ನು ಅಲ್ಲಾಡಿದರೆ ಏನು ಗತಿ?’ ಎನ್ನುತ್ತಾರೆ. ನಾವು ಗಾಬರಿಯಾಗಿ ನೋಡುತ್ತೇವೆ. ಈ ಪ್ರವಚನ ನಡೆಯುವಾಗೆಲ್ಲ ಪೆಟ್ಟಿಗೆಯು ಮುಂದಿನ ಎಡಸೀಟಿನ ಕಾಲ ಬುಡದಲ್ಲಿ, ಹಳೇ ಟರ್ಕಿ ಟವೆಲ್ಲಿನ ಮೇಲೆ ಮಲಗಿರುತ್ತಿತ್ತು. ಜಾಗ ಇನ್ನೂ ‘ಫೈನಲ್’ ಆಗಿರಲಿಲ್ಲ.

ಫೈನಲ್ ಆಗದಿದ್ದುದರ ಪೂರ್ತಿ ಭಾರ ಹೊತ್ತವರು ನಮ್ಮಮ್ಮ. ತುಮಕೂರಿಗೆ ನಾಮಕರಣಕ್ಕೆ ಹೊರಟಾಗ ಭಾವ, ‘ಅತ್ತೆ, ಕಾಲು ಸ್ವಲ್ಪ ಮೇಲಿಟ್ಕೊಳ್ಳಿ, ಕೆಳಗೆ ಈಸಿಯು ಇದೆ’ ಅಂದರು. ಯಾವುದೋ ಸಾಕುಪ್ರಾಣಿ ಇರಬೇಕೆಂದು ಅಮ್ಮ ನೆಲಮಂಗಲ, ದಾಬಸ್‌ಪೇಟೆ ದಾಟಿ ತುಮಕೂರು ಮುಟ್ಟುವವರೆಗೆ ಚಕ್ಕಳಮಕ್ಕಳ ಹಾಕಿಕೊಂಡೇ ಕೂತಿದ್ದರು. ಇಳಿಯುವಾಗ, ‘ಪಾಪ, ಒಂದು ಸಲವೂ ಕೂಗಲಿಲ್ಲ ನೋಡಿ ಅಳಿಯಂದ್ರೆ’ ಎಂದರು.

ಕೊನೆಗೆ ಅಕ್ಕ ಗಡುವು ಕೊಟ್ಟಳು. ಪೆಟ್ಟಿಗೆ ಕೂರಿಸುವ ಸಾಮಾನು ತರಲು ಭಾವ ನನ್ನನ್ನೂ ಎಳೆದುಕೊಂಡು ಎಸ್‌.ಪಿ. ರಸ್ತೆಗೆ ಹೋದರು. ಕಾರ್ಪೊರೇಟ್ ಕಚೇರಿಯಲ್ಲಿ ಕೋಟಿಗಟ್ಟಲೆ ಬಜೆಟ್ಟಿಗೆ ಕಣ್ಮುಚ್ಚಿ ಸಹಿ ಹಾಕುವ ಮನುಷ್ಯ ಅಂಗಡಿಯ ಮುಂದೆ ನಿಂತು ರಬ್ಬರ್ ಬುಷ್ಷುಗಳನ್ನು ಒಂದೊಂದಾಗಿ ಹಿಚುಕಿ ನೋಡಿದರು. ತೀರ ಗಟ್ಟಿಯಾದರೆ ನಡುಕ ಪೆಟ್ಟಿಗೆಗೆ ಹೋಗುತ್ತಂತೆ, ತೀರ ಮೆತ್ತಗಾದರೆ ಪೆಟ್ಟಿಗೆಯೇ ಕುಣಿಯುತ್ತಂತೆ. ‘ಶೋರ್ ಎಷ್ಟಪ್ಪಾ ಇದು?’ ಎಂದು ರಬ್ಬರಿನ ಗಡಸುತನದ ಅಳತೆ ಕೇಳಿದರು. ಅಂಗಡಿಯವನು ಎರಡು ಡಬ್ಬ ಮುಂದಿಟ್ಟ. ‘ಇದು ಐದು ರೂಪಾಯಿದು, ಇದು ಎಂಟು ರೂಪಾಯಿದು.’ ಭಾವ ಎರಡನ್ನೂ ಕೊಂಡರು.

ಮುಂದಿನ ಭಾನುವಾರ ಪ್ರತಿಷ್ಠಾಪನೆ. ಗ್ಲೋವ್‌ಬಾಕ್ಸಿನ ಹಿಂದೆ ಅಲ್ಯುಮಿನಿಯಂ ಪಟ್ಟಿ ಬಾಗಿಸಿ ಬ್ರ್ಯಾಕೆಟ್ಟು, ನಾಲ್ಕು ಮೂಲೆಗೆ ಎಂಟು ರೂಪಾಯಿಯ ಬುಷ್ಷು, ನಡುಗಿದರೂ ಸಡಿಲವಾಗದ ನೈಲಾಕ್ ನಟ್ಟು. ಎಸಿ ನೀರು ವೈರುಗುಂಟ ಇಳಿದು ಒಳಗೆ ಹೋಗಬಾರದೆಂದು 37 ಪಿನ್ನಿನ ಸಾಕೆಟ್ಟಿನ ಮುಖ ಕೆಳಕ್ಕೆ. ವೈರಿನ ಕಟ್ಟು ಒಂದು ಬಳುಕು ಬಳುಕಿ ಆಮೇಲೆ ಮೇಲೇರಿ ಅದಕ್ಕೆ ಸೇರಬೇಕು, ಹನಿ ಬಳುಕಿನ ತುದಿಯಿಂದಲೇ ತೊಟ್ಟಿಕ್ಕಬೇಕು. ಇಷ್ಟಕ್ಕೆ ಮಾತ್ರ ನಾನೂ ತಲೆದೂಗಿದೆ. ಕೆಲಸ ನಿಜಕ್ಕೂ ಚೊಕ್ಕವಾಗಿತ್ತು. ಭಾವ ಪೆಟ್ಟಿಗೆಯನ್ನು ಹಿಡಿದು ಜಗ್ಗಿದರು. ಕಾರೇ ಅಲ್ಲಾಡಿತು, ಪೆಟ್ಟಿಗೆ ಅಲ್ಲಾಡಲಿಲ್ಲ.

‘ಈಗ ಟ್ಯೂನಿಂಗ್’ ಎಂದು ಲ್ಯಾಪ್‌ಟಾಪ್ ತೆರೆದು, ಕೇಬಲ್ ಹಿಡಿದು ಡ್ಯಾಶ್‌ಬೋರ್ಡಿನಡಿ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಲ್ಯಾಪ್‌ಟಾಪ್ ಚುಚ್ಚುವ 9 ಪಿನ್ನಿನ ಸಾಕೆಟ್ಟು ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿದೆ. ಅಂದರೆ ಮೇಲ್ಗಡೆ. ಅಂದರೆ ಎಸಿ ಬ್ಲೋವರಿನ ಹೊಟ್ಟೆಗೆ ಒತ್ತಿಕೊಂಡು. ನಡುವೆ ಬೆರಳೂ ತೂರದು.

‘ಏನೂ ತೊಂದರೆಯಿಲ್ಲ,’ ಒಳಗಿನಿಂದ ದನಿ ಬಂತು. ‘ಬ್ಲೂಟೂತ್ ಅಡಾಪ್ಟರ್ ತರಿಸಿದರಾಯ್ತು. ವೈರೇ ಬೇಡ.’

ಅಕ್ಕ ಕಾಫಿ ಲೋಟ ಹಿಡಿದು ಆ ಎರಡು ಕಾಲುಗಳ ಬಳಿ ನಿಂತಿದ್ದಳು. ‘ಹೌದೂ ರೀ, ಆ ಅಡಾಪ್ಟರನ್ನ ಎಲ್ಲಿಗೆ ಚುಚ್ಚಬೇಕು?’