ಗುಟ್ಟು ಹೇಳ್ತೀವಿ, ಚೆಕ್ ಬರೀರಿ!

ಬೆಂಗಳೂರಿನ ಸ್ಟಾರ್ಟಪ್ಪುಗಳಲ್ಲಿ ಗುಟ್ಟಿಗೆ ಇರುವ ಕಾವಲು ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ಬಾಗಿಲಲ್ಲೇ ನಿಮ್ಮ ಮೊಬೈಲ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಬೀಳುತ್ತದೆ. ಕೆಲಸಕ್ಕೆ ಸೇರುವ ಹುಡುಗ ಮೊದಲ ದಿನವೇ ಎನ್‌ಡಿಎ ಎಂಬ ಗೋಪ್ಯತೆಯ ಕರಾರಿಗೆ ಪುಟಪುಟಕ್ಕೂ ಸಹಿ ಹಾಕಬೇಕು. ಪಕ್ಕದ ಕುರ್ಚಿಯವನ ಸಂಬಳ ಕೇಳಿದರೂ ಮಹಾಪರಾಧ.

ಇಷ್ಟೆಲ್ಲ ಕಾವಲು ಹಾಕಿದ ಸ್ಥಾಪಕರು ಸಂಜೆ ಇಂದಿರಾನಗರದ ಕೆಫೆಯಲ್ಲಿ ಹೂಡಿಕೆದಾರರ ಎದುರು ಲ್ಯಾಪ್‌ಟಾಪ್ ಬಿಚ್ಚಿ ಕೂತಿರುತ್ತಾರೆ. ಎದುರಿಗಿರುವುದು ಫಂಡಿನ ಪಾರ್ಟ್ನರೂ ಅಲ್ಲ, ಮೊನ್ನೆ ಮೊನ್ನೆ ಎಂಬಿಎ ಮುಗಿಸಿದ ಅಸೋಸಿಯೇಟ್. ‘ನಂಬರ್ಸ್ ಸ್ವಲ್ಪ ಕಳಿಸ್ತೀರಾ ಸರ್?’ ಅಂದದ್ದೇ ತಡ, ದೊಡ್ಡ ಗ್ರಾಹಕರ ಪಟ್ಟಿ, ಯಾರಿಗೆ ಎಷ್ಟು ರಿಯಾಯಿತಿ, ಬ್ಯಾಂಕಿನಲ್ಲಿರುವ ದುಡ್ಡು ಇನ್ನೆಷ್ಟು ತಿಂಗಳಿಗೆ ಬಂದೀತು, ಎಲ್ಲವೂ ಗೂಗಲ್ ಡ್ರೈವ್ ಹತ್ತಿ ಹೊರಟೇಬಿಟ್ಟವು. ಲಿಂಕ್ ಸಿಕ್ಕವರೆಲ್ಲ ನೋಡಬಹುದು ಎಂಬ ಉದಾರ ಅನುಮತಿ ಬೇರೆ! ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು-ಕೇಸರಿಬಾತಿನ ತಟ್ಟೆಯಲ್ಲೇ ಬೀರುವಿನ ಬೀಗದ ಕೈಯನ್ನೂ ಇಟ್ಟುಕೊಟ್ಟ ಹಾಗೆ. ಬಂದ ಗಂಡು ಪಕ್ಕದ ಬೀದಿಯವರಿಗೆ ಆಗಲೇ ಅಳಿಯನಾಗಿದ್ದಾನೋ ಏನೋ, ಅಂದರೆ ನಿಮ್ಮ ಪ್ರತಿಸ್ಪರ್ಧಿಯ ಕಂಪನಿಯಲ್ಲಿ ಆ ಫಂಡಿನ ದುಡ್ಡು ಆಗಲೇ ಇದೆಯೋ ಏನೋ, ಕೇಳಿದವರಿಲ್ಲ.

‘ಒಂದು ಎನ್‌ಡಿಎ...’ ಎಂದು ಹಲ್ಲುಗಿಂಜಿದರೆ ‘ಅದು ನಮ್ಮ ಪಾಲಿಸಿ ಅಲ್ಲ’ ಎಂಬ ಉತ್ತರ ಸಿದ್ಧ. ಅದು ನಿಜವೇ. ವರ್ಷಕ್ಕೆ ನೂರಾರು ಕಂಪನಿಗಳ ಕಥೆ ಕೇಳುವವರು ಮೊದಲ ಭೇಟಿಯಲ್ಲೇ ಸಹಿ ಹಾಕುತ್ತಾ ಹೋದರೆ ಉಳಿದ ಆಯುಸ್ಸು ಕೋರ್ಟಿನಲ್ಲೇ ಕಳೆದೀತು. ಹೂಡಿಕೆಯ ಷರತ್ತುಗಳ ಪಟ್ಟಿಯಾದ ಟರ್ಮ್ ಶೀಟ್ ಬಂದಾಗ ಗೋಪ್ಯತೆಯ ಷರತ್ತೂ ಬರುತ್ತದೆ. ತಮಾಷೆ ಏನೆಂದರೆ, ಫಂಡು ಕಟ್ಟಿದ ಬೆಲೆಯನ್ನು ನೀವು ಯಾರಿಗೂ ಬಾಯಿಬಿಡಬಾರದು ಎಂಬುದೇ ಸಾಮಾನ್ಯವಾಗಿ ಅದರ ಮೊದಲ ಚಿಂತೆ!

ಕಾನೂನು ಕಾಯುತ್ತದೆ ಅಂದುಕೊಂಡಿರಾ? ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಬೇಕು ಎಂದು ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಹೇಳಿದ್ದೇ 2024ರಲ್ಲಿ. ಅಂಥ ಕಾಯ್ದೆ ಬರುವತನಕ ಮುಖ್ಯ ಆಸರೆ 1872ರ ಕರಾರು ಕಾಯ್ದೆ. ಅದು ಕೈಹಿಡಿಯಲು ಮೊದಲು ಕರಾರು ಅಂತ ಒಂದು ಇರಬೇಕಲ್ಲ! ವಿಶ್ವಾಸದ್ರೋಹ ಎಂದು ವಾದಿಸಬಹುದು, ಸಾಬೀತು ಮಾಡುವ ಹೊತ್ತಿಗೆ ಕಂಪನಿ ಇದ್ದರೆ. ಗ್ರಾಹಕರ ಹೆಸರು, ಫೋನ್ ನಂಬರುಗಳೂ ಲಿಂಕಿನಲ್ಲಿ ಹೋಗಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೆನಪಿರಲಿ. ಅದರ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನೀವು ಎತ್ತಲು ಹೊರಟಿರುವ ಫಂಡು ಅಷ್ಟಿದೆಯೇ?

ಕೋಕಾ-ಕೋಲಾ 1977ರಲ್ಲಿ ತನ್ನ ಪಾನೀಯದ ಗುಟ್ಟನ್ನು ಭಾರತ ಸರ್ಕಾರ ಕೇಳಿದರೂ ಕೊಡದೆ ಗಂಟುಮೂಟೆ ಕಟ್ಟಿತು. 1993ರಲ್ಲಿ ಗುಟ್ಟಿನ ಸಮೇತ ಮರಳಿತು. ನಮ್ಮವರ ಗುಟ್ಟಿಗೆ ಸರ್ಕಾರವೇ ಬೇಕಿಲ್ಲ, ಒಂದು ಕಾಪಿ ಕುಡಿಸಿದರೆ ಸಾಕು.

ಹೂಡಿಕೆದಾರರಿಗೆ ಏನೂ ಹೇಳದೆ ದುಡ್ಡು ಹುಟ್ಟುವುದಿಲ್ಲ, ಸರಿ. ಹೇಳುವುದಕ್ಕೂ ಒಂದು ಕ್ರಮವಿದೆ. ಮೊದಲ ಭೇಟಿಗೆ ಸಮಸ್ಯೆ, ಪರಿಹಾರ, ಒಟ್ಟು ಲೆಕ್ಕ ಸಾಕು. ಗ್ರಾಹಕರ ಹೆಸರಿನ ಜಾಗದಲ್ಲಿ ‘ಗ್ರಾಹಕ 1, ಗ್ರಾಹಕ 2’ ಇರಲಿ. ಹೆಸರು, ಬೆಲೆ, ಕರಾರುಪತ್ರಗಳು ಟರ್ಮ್ ಶೀಟಿಗೆ ಸಹಿ ಬಿದ್ದ ಮೇಲೆ, ಯಾರು ಯಾವಾಗ ತೆರೆದರೆಂದು ದಾಖಲಾಗುವ ಡೇಟಾ ರೂಮಿನಲ್ಲಿ ಸಿಗಲಿ. ಎಲ್ಲಕ್ಕಿಂತ ಮೊದಲು, ನಮ್ಮಂಥದೇ ಕಂಪನಿಗೆ ದುಡ್ಡು ಹಾಕಿದ್ದೀರಾ ಎಂದು ನೇರವಾಗಿ ಕೇಳಿ. ಅಷ್ಟು ಕೇಳಿದ್ದಕ್ಕೆ ಎದ್ದು ಹೋಗುವವರು ಹೇಗೂ ದುಡ್ಡು ಹಾಕುವವರಲ್ಲ. ಕಾಪಿಯ ಬಿಲ್ಲು ಕೊಟ್ಟು ನೀವೂ ಎದ್ದುಬನ್ನಿ.