ಟುಲಿಪ್ಪಿಗೆ ಫ್ರಿಜ್ಜಿನಲ್ಲಿ ಬಾಣಂತನ

ಶಂಕರಘಟ್ಟ, ಬಿ.ಆರ್.ಪಿ., ಭದ್ರಾವತಿಯ ಸುತ್ತಮುತ್ತ ಹೊಸದಾಗಿ ಮನೆ ಕಟ್ಟಿದವರು ಈಗ ಒಂದು ಹೂವಿಗೆ ಶರಣಾಗಿದ್ದಾರೆ. ಹಾಲ್‌ನ ಟೀಪಾಯಿ ಮೇಲೆ ಗಾಜಿನ ಹೂದಾನಿ, ಅದರಲ್ಲಿ ಒಂದು ಕಟ್ಟು ಟುಲಿಪ್. ಸೋಫಾದ ಹಿಂದೆ ಕ್ಯಾನ್ವಾಸ್ ಪ್ರಿಂಟಿನಲ್ಲಿ ಇನ್ನೊಂದು ಎಕರೆ ಟುಲಿಪ್, ಜೊತೆಗೆ ಗಾಳಿಗಿರಣಿ. ಪರದೆಯ ಮೇಲೂ ಅದೇ, ಡಿನ್ನರ್ ಸೆಟ್ಟಿನ ಅಂಚಿನಲ್ಲೂ ಅದೇ. ಮುಟ್ಟಿ ನೋಡಲು ಕೈ ಚಾಚಿದರೆ ಮನೆಯ ಯಜಮಾನರು ತಾವಾಗಿಯೇ ಹೇಳಿಬಿಡುತ್ತಾರೆ: "ಪ್ಲಾಸ್ಟಿಕ್ ಅಲ್ಲ ಸರ್, ಲ್ಯಾಟೆಕ್ಸ್. ನೀರು ಬೇಡ, ಗೊಬ್ಬರ ಬೇಡ, ಬಾಡೋದೂ ಇಲ್ಲ. ತಿಂಗಳಿಗೊಂದ್ಸಲ ನಲ್ಲಿ ಕೆಳಗೆ ಹಿಡಿದ್ರೆ ಮುಗೀತು." ಕಿಟಕಿಯಾಚೆ ಅಡಿಕೆ ತೋಟ ಹಿಂಗಾರ ಬಿಟ್ಟು ನಿಂತಿರುತ್ತದೆ. ಧೂಳು ಬರುತ್ತದೆಂದು ಕಿಟಕಿ ಹಾಕಿರುತ್ತಾರೆ.

ಯಜಮಾನರ ಮಾತನ್ನು ತಳ್ಳಿಹಾಕುವಂತಿಲ್ಲ. ಟುಲಿಪ್ಪು ಶಂಕರಘಟ್ಟದಲ್ಲಿ ಬದುಕಬೇಕಾದರೆ ಲ್ಯಾಟೆಕ್ಸ್ ಆಗಿಯೇ ಬದುಕಬೇಕು. ಮಧ್ಯ ಏಷ್ಯಾದ ಬೆಟ್ಟಗಳ ಗಿಡ ಅದು. ಗೆಡ್ಡೆಗೆ 12ರಿಂದ 16 ವಾರ ಚಳಿ ಸಿಗದೆ ಹೂ ಸರಿಯಾಗಿ ಬರುವುದಿಲ್ಲ. ಚಳಿ ಎಂದರೆ ನಾವು ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೋಗುವ ಡಿಸೆಂಬರ್ ಚಳಿಯಲ್ಲ, 9 ಡಿಗ್ರಿಗಿಂತ ಕೆಳಗಿನದು. ಭದ್ರಾವತಿಯ ಬಿಸಿಲು ಮಾರ್ಚ್ ಹೊತ್ತಿಗೆ 35 ಡಿಗ್ರಿ ಮುಟ್ಟುತ್ತದೆ. ಆದರೂ ಹಟ ಬಿಡದವರಿದ್ದಾರೆ. ಆನ್‌ಲೈನಿನಲ್ಲಿ ಗೆಡ್ಡೆ ತರಿಸಿ ಮೂರು ತಿಂಗಳು ಫ್ರಿಜ್ಜಿನಲ್ಲಿ ಬಾಣಂತನ ಮಾಡುತ್ತಾರೆ. ಅಲ್ಲಿ ಪಥ್ಯವೂ ಉಂಟು. ಪಕ್ಕದಲ್ಲಿ ಸೇಬು ಇಡಬಾರದು, ಹಣ್ಣಿನಿಂದ ಬರುವ ಎಥಿಲಿನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನೇ ಕೊಂದುಹಾಕುತ್ತದೆ. ದೋಸೆಹಿಟ್ಟು ಇಡಬಹುದು. ಕರೆಂಟು ಹೋದರೆ ಮನೆಯವರಿಗಿಂತ ಮೊದಲು ಗೆಡ್ಡೆಗೆ ಸೆಖೆಯಾಗುತ್ತದೆ. ಇಷ್ಟೆಲ್ಲ ಆಗಿ ಹೂವೊಂದು ಅರಳಿದರೆ ನಮ್ಮ ಬಿಸಿಲಿಗೆ ಅದರ ಆಯಸ್ಸು ನಾಲ್ಕಾರು ದಿನ. ಅಷ್ಟರಲ್ಲಿ ಅದರ ಮುನ್ನೂರು ಫೋಟೊ ಆಗಿರುತ್ತದೆ. ಮುಡಿಯಲು ಬಾರದು, ದೇವರಿಗೆ ಏರಿಸುವ ಅಭ್ಯಾಸವಿಲ್ಲ, ವಾಸನೆಯಂತೂ ಬಹುಪಾಲು ಇಲ್ಲ. ಫೋಟೊ ತೆಗೆಯದೆ ಇನ್ನೇನು ಮಾಡಬೇಕು?

ಈ ಆಸೆ ಹುಟ್ಟಿಸಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. 1981ರ 'ಸಿಲ್‌ಸಿಲಾ'ದಲ್ಲಿ ಅಮಿತಾಭ್ ಮತ್ತು ರೇಖಾ ಹಾಲೆಂಡಿನ ಕ್ಯೂಕೆನ್‌ಹೋಫ್‌ನಲ್ಲಿ ಸುತ್ತಾಡಿದ ಮೇಲೆ ಪ್ರೇಮಕ್ಕೆ ಹಿನ್ನೆಲೆ ಎಂದರೆ ಟುಲಿಪ್ ಹೊಲ ಎಂದು ದೇಶವೇ ಒಪ್ಪಿಕೊಂಡಿತು. ಶ್ರೀನಗರದವರು 2007ರಲ್ಲಿ ದಾಲ್ ಸರೋವರದ ಬಳಿ ಸುಮಾರು 30 ಹೆಕ್ಟೇರಿನ ತೋಟ ತೆರೆದರು. ಅವರಿಗೆ ಚಳಿ ಪುಕ್ಕಟೆ ಸಿಗುತ್ತದೆ, ಮಾಡಲಿ. ದೆಹಲಿಯವರು ಲಕ್ಷಗಟ್ಟಲೆ ಗೆಡ್ಡೆಗಳನ್ನು ನೆದರ್‌ಲ್ಯಾಂಡ್ಸ್‌ನಿಂದ ತರಿಸಿ ಫೆಬ್ರವರಿಯಲ್ಲಿ ಅರಳಿಸುತ್ತಾರೆ, ರಾಜಧಾನಿಗೆ ಹೇಳುವವರು ಯಾರು? ನಮ್ಮ ಪಾಲಿಗೆ ಟುಲಿಪ್ ಎಂಬ ಹೆಸರು ಹೊತ್ತು ನಿಜವಾಗಿ ಬೆಳೆಯುವುದು ಒಂದೇ, ರಸ್ತೆಬದಿಯ ಆಫ್ರಿಕನ್ ಟುಲಿಪ್ ಮರ. ಅದಕ್ಕೂ ಟುಲಿಪ್ಪಿಗೂ ಬಾದರಾಯಣ ಸಂಬಂಧವೂ ಇಲ್ಲ. ಅದರ ಮೊಗ್ಗು ಹಿಚುಕಿ ಪಕ್ಕದವನ ಅಂಗಿಗೆ ನೀರು ಹಾರಿಸಿದ ಮಕ್ಕಳು ಅದನ್ನು ಉಚ್ಚೆಕಾಯಿ ಮರ ಎಂದೇ ಕರೆಯುತ್ತಾರೆ. ಡ್ರಾಯಿಂಗ್ ರೂಮಿಗೆ ಹೊಂದುವ ಹೆಸರಲ್ಲ, ಬಿಡಿ.

ಟುಲಿಪ್ಪಿನ ದೊಡ್ಡಸ್ತಿಕೆ ಹೇಗೆ ಹುಟ್ಟಿತು ಎಂದು ನೋಡಿದರೆ ಅಡಿಕೆ ನಾಡಿನವರಿಗೆ ಎಲ್ಲವೂ ಪರಿಚಿತ. ಟರ್ಕಿಯ ಸುಲ್ತಾನರ ತೋಟದಿಂದ ಯುರೋಪಿಗೆ ಹೋದ ಗೆಡ್ಡೆಯನ್ನು 1593ರ ಹೊತ್ತಿಗೆ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟ. ಅಲ್ಲಿಂದಲೂ ಗೆಡ್ಡೆ ಕಳುವಾಯಿತಂತೆ. ವಿಶ್ವವಿದ್ಯಾಲಯವೆಂದ ಮೇಲೆ ಏನಾದರೂ ಕಳುವಾಗಲೇಬೇಕಲ್ಲ. 1636ರ ಚಳಿಗಾಲದಲ್ಲಿ ಡಚ್ಚರು ಹೆಂಡದಂಗಡಿಗಳಲ್ಲಿ ಕೂತು, ಇನ್ನೂ ಮಣ್ಣೊಳಗೇ ಇದ್ದ ಗೆಡ್ಡೆಗಳನ್ನು ಒಬ್ಬರಿಂದೊಬ್ಬರಿಗೆ ಮಾರತೊಡಗಿದರು. ಮರದಲ್ಲಿರುವ ಅಡಿಕೆಯನ್ನು ಕೊಯ್ಲಿಗೆ ಮೊದಲೇ ಕೊಡುವ ನಮ್ಮ ಚೇಣಿಯೇ ಇದು. ಒಂದು ವ್ಯತ್ಯಾಸವೆಂದರೆ ನಮ್ಮ ಚೇಣಿದಾರ ತೋಟಕ್ಕೆ ಬಂದು ತಲೆಯೆತ್ತಿ ಗೊನೆ ನೋಡುತ್ತಾನೆ. 1637ರ ಫೆಬ್ರವರಿಯಲ್ಲಿ ಕೊಳ್ಳುವವರೇ ಬಾರದೆ ಬೆಲೆ ಕುಸಿಯಿತು. ದೇಶಕ್ಕೆ ದೇಶವೇ ದಿವಾಳಿಯಾಯಿತೆಂಬುದು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಈಗ ಹೇಳುತ್ತಾರೆ. ಮಾನ ಹೋದದ್ದು ಮಾತ್ರ ನಿಜ.

ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಬೇರೆ. ಆ ಕಾಲದ ಅತಿ ದುಬಾರಿ ಹೂವು 'ಸೆಂಪರ್ ಆಗಸ್ಟಸ್', ಬಿಳಿಯ ಮೇಲೆ ಕೆಂಪು ಜ್ವಾಲೆ ಹರಿದಂಥ ಪಟ್ಟೆ. ಆ ಸೊಬಗಿಗೆ ಕಾರಣ ಗಿಡಹೇನುಗಳು ಹರಡುವ ಒಂದು ವೈರಸ್ ಎಂದು ಗೊತ್ತಾದದ್ದು ಮುನ್ನೂರು ವರ್ಷ ಬಿಟ್ಟು. ಅಂದರೆ ಶ್ರೀಮಂತರು ಮನೆಯ ಬೆಲೆ ಕೊಟ್ಟು ಕೊಂಡದ್ದು ಕಾಯಿಲೆಬಿದ್ದ ಗಿಡವನ್ನು. ಇತ್ತ ತೀರ್ಥಹಳ್ಳಿ, ಹೊಸನಗರದ ತೋಟಗಳಿಗೆ ಎಲೆಚುಕ್ಕಿ ರೋಗ ಬಂದು ಇಷ್ಟು ವರ್ಷವಾಯಿತು, ಸೋಗೆಯ ಮೇಲೆ ಚಿತ್ತಾರ ಚೆನ್ನಾಗಿದೆ ಎಂದು ಒಬ್ಬ ಸಾಹುಕಾರನೂ ಕೊಳ್ಳಲು ಬಂದಿಲ್ಲ. ರೋಗಕ್ಕೂ ಅದೃಷ್ಟ ಬೇಕು.

ಡಚ್ ಕಲಾವಿದರು ಇದೇ ಹೂವನ್ನು ಬರೆದು ಬರೆದು ಹೆಸರು ಮಾಡಿದರು. ಆದರೆ ನಮ್ಮ ಶಂಕರಘಟ್ಟದ ಹೊಸ ಮನೆಗಳ ಗೋಡೆಗೆ ತಕ್ಕ ಚಿತ್ರ ಒಂದೇ, 1640ರ ಸುಮಾರಿಗೆ ಕಿರಿಯ ಯಾನ್ ಬ್ರೂಗೆಲ್ ಬರೆದದ್ದು. ಅದರಲ್ಲಿ ಟುಲಿಪ್ ವ್ಯಾಪಾರಿಗಳೆಲ್ಲ ಮಂಗಗಳು. ಒಂದು ಲೆಕ್ಕ ಬರೆಯುತ್ತಿದೆ, ಒಂದು ಸಾಲದ ದಾವೆಗೆ ಸಿಕ್ಕಿ ನ್ಯಾಯಾಧೀಶರ ಮುಂದಿದೆ, ಇನ್ನೊಂದು ಹೂವಿನ ಮೇಲೇ ಉಚ್ಚೆ ಹೊಯ್ಯುತ್ತಿದೆ. ಮಲೆನಾಡಿನ ರೈತರು ಮಂಗಗಳ ಕಾಟ ತಾಳದೆ, ಅವನ್ನು ಹಿಡಿದಿಡಲು ಒಂದು ಪಾರ್ಕು ಮಾಡಿಕೊಡಿ ಎಂದು ಸರ್ಕಾರವನ್ನು ಬೇಡಿದರು. ನಮ್ಮ ಮಂಗಗಳ ಪರವಾಗಿ ಒಂದು ಮಾತು ಹೇಳಲೇಬೇಕು: ಅವು ಗೆಡ್ಡೆ ಕಿತ್ತರೆ ತಿನ್ನುತ್ತವೆ, ಬಡ್ಡಿಗೆ ಬಿಡುವುದಿಲ್ಲ. ಡಚ್ಚರಿಗೂ ಆ ಬುದ್ಧಿ ಬಂದದ್ದು 1944-45ರ ಕ್ಷಾಮದ ಚಳಿಗಾಲದಲ್ಲಿ. ಹಸಿವಿಗೆ ಟುಲಿಪ್ ಗೆಡ್ಡೆ ಬೇಯಿಸಿ ತಿಂದರು. ಯಾವ ಗಿಡ ಕಂಡರೂ "ಇದರ ತಂಬ್ಳಿ ಆಗ್ತದಾ?" ಎಂದು ಕೇಳುವ ನಮ್ಮ ಹೆಂಗಸರು ಅಲ್ಲಿದ್ದರೆ ಅಷ್ಟು ದಿನ ಕಾಯುತ್ತಿರಲಿಲ್ಲ.

ವಿದೇಶಿ ಹೂವೆಂದು ನನಗೆ ತಕರಾರಿಲ್ಲ. ಮಲೆನಾಡಿನ ಅಂಗಳದ ರಾಣಿ ಡೇರೆ ಹೂವು ಬಂದದ್ದು ಮೆಕ್ಸಿಕೊದಿಂದ. ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ಹೆಸರು ಹೊತ್ತು ಬಂದ ಡೇಲಿಯ ಅದು. ಅದನ್ನು ಇಲ್ಲಿ ನೆಲೆಗೊಳಿಸಿದ್ದು ಯಾವ ಇಲಾಖೆಯೂ ಅಲ್ಲ, ಮುಂಗಾರು ಹಿಡಿಯುವ ಹೊತ್ತಿಗೆ ಸೆರಗಿನಲ್ಲಿ ಗೆಡ್ಡೆ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋದ ಹೆಂಗಸರು. ಮಳೆಗೆ ಕೊಳೆಯದಂತೆ ಏರಿ ಮಾಡಿ, ಗಾಳಿಗೆ ಮುರಿಯದಂತೆ ಕೋಲು ಕೊಟ್ಟು, ಚೌತಿಯ ಹೊತ್ತಿಗೆ ತಟ್ಟೆಯಗಲ ಅರಳಿಸುತ್ತಿದ್ದರು. ಅಪರೂಪದ ಬಣ್ಣವೊಂದಿದ್ದರೆ ಓರಗಿತ್ತಿಗೂ ಸುಲಭಕ್ಕೆ ಕೊಡುತ್ತಿರಲಿಲ್ಲ, ರಾತ್ರೋರಾತ್ರಿ ಮಾಯವಾದ ಗೆಡ್ಡೆಗಾಗಿ ಮಾತು ಬಿಟ್ಟ ಮನೆಗಳೂ ಉಂಟು. ಹೂವಿನ ಹುಚ್ಚು ನಮಗೂ ಇತ್ತು, ಅದರಲ್ಲಿ ಯಾರೂ ಸಾಲ ಮಾಡಲಿಲ್ಲ.

ಆ ಅಂಗಳಗಳಿಗೆ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನೋಣವೆಂದರೆ ಹಿತ್ತಲಲ್ಲಿ ಸಂಪು, ಮೋಟಾರು. ಮಣ್ಣು ಸೋಕಿಸದೆ ಹೂವಿನ ಶೋಕಿ ಮಾಡಬೇಕು, ಅದೂ ನೆಂಟರಿಗೆ ಎಲ್ಲಿಂದ ತಂದಿರೆಂದು ಕೇಳುವಂತಿರಬೇಕು ಎಂಬುದಷ್ಟೇ ಆಸೆ. ಇಲ್ಲಿ ಬೆಳೆಯುವುದಿಲ್ಲ ಎಂಬುದೇ ಟುಲಿಪ್ಪಿನ ಏಕೈಕ ಗುಣ. ಭದ್ರಾವತಿಯಲ್ಲಿ ಕಳೆಯಾಗಿ ಹಬ್ಬಿದ್ದರೆ ಇದೇ ಯಜಮಾನರು ಅದಕ್ಕೆ ಔಷಧ ಹೊಡೆಸುತ್ತಿದ್ದರು.

ಮನೆಮುಂದೆ ಎರಡಡಿ ಮಣ್ಣು ಉಳಿಸಿಕೊಂಡವರು ಮೇ ತಿಂಗಳಲ್ಲಿ ಯಾವುದಾದರೂ ಹಳೇ ಮನೆಗೆ ಹೋಗಿ ಅಮ್ಮನವರನ್ನು ಒಂದು ಡೇರೆ ಗೆಡ್ಡೆ ಕೇಳಿ. ದುಡ್ಡು ತೆಗೆಯಬೇಡಿ, ಬೈಸಿಕೊಳ್ಳುತ್ತೀರಿ. ಬದಲಿಗೆ ಅವರಲ್ಲಿಲ್ಲದ ಒಂದು ಬಣ್ಣ ಒಯ್ಯಿರಿ.